ಬೆನ್ನಿಗೆ ಒಪ್ಪುವ ಹಾಸಿಗೆ

ಸೋದರಿಯರೇ, ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡು, ಓಡಾಡಿದ ಮೇಲೆ ತಾನೇ ಬಿಡುತ್ತದೆಯೇ? ಹಾಗಿದ್ದರೆ ಒಮ್ಮೆ ನಿಮ್ಮ ಹಾಸಿಗೆಯನ್ನೂ ಪರೀಕ್ಷಿಸಿ. ಕಾಲು ಜೋಮು ಹಿಡಿಯುತ್ತಿದ್ದರೆ ಮಾತ್ರ ಡಾಕ್ಟರಿಗೇ ತೋರಿಸಿ.

ಬೆನ್ನುನೋವಿಗೆ ಬರೀ ನೆಲವೇ ಮದ್ದು ಅಂತ ನಮ್ಮ ಚಿತ್ರದುರ್ಗದ ಕಡೆ ಹಿರಿಯರು ಹೇಳುವುದುಂಟು. ಆದರೆ ಸ್ಪೇನ್ ದೇಶದ ವೈದ್ಯರು ಬಹುಕಾಲದ ಸೊಂಟನೋವಿನ 313 ಜನರನ್ನು 90 ದಿನ ಗಮನಿಸಿ, 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದದ್ದೇ ಬೇರೆ: ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲು. ತೀರಾ ಗಟ್ಟಿಯಾದರೆ ಭುಜ, ಸೊಂಟ ಒತ್ತುತ್ತವೆ; ತೀರಾ ಮೆತ್ತಗಾದರೆ ನಡು ಕುಸಿದು ಬೆನ್ನು ಬಾಗುತ್ತದೆ.

ಹತ್ತಿ ಹಾಸಿಗೆ ಬೆವರು ಹೀರುತ್ತದೆ, ಹಿರಿಯೂರಿನ ಬೇಸಿಗೆಗೆ ಹಿತ. ಆಗಾಗ ಬಿಸಿಲಿಗೆ ಹಾಕಿ. ಗಂಟು ಕಟ್ಟಿದರೆ ಹಿಂಜಿಸಿ ಹೊಲಿಸಿ. ಹೊಸದುರ್ಗ, ಹೊಳಲ್ಕೆರೆಯ ತೋಟದವರಿಗೆ ತೆಂಗಿನ ನಾರು ಹೊಸದಲ್ಲ. ನಾರಿನ ಹಾಸಿಗೆ ಗಟ್ಟಿ, ಗಾಳಿಯಾಡುತ್ತದೆ. ಮೇಲೊಂದು ತೆಳು ಹತ್ತಿ ಹಾಸಿಗೆ ಹಾಕಿದರೆ ಹದವಾಗುತ್ತದೆ. ಫೋಮ್ ಮೈಗೆ ಒಗ್ಗಿದರೂ ಸೆಕೆ ಹಿಡಿದಿಡುತ್ತದೆ. ಸ್ಪ್ರಿಂಗಿನದರಲ್ಲಿ ಗಾಳಿ ಓಡಾಡುತ್ತದೆ. ಒಂದೊಂದು ಸ್ಪ್ರಿಂಗಿಗೂ ಬೇರೆ ಚೀಲವಿದ್ದರೆ ಪಕ್ಕದವರು ಹೊರಳಿದಾಗ ನಿಮಗೆ ಎಚ್ಚರವಾಗುವುದು ಕಡಿಮೆ. ನಡುವೆ ತಗ್ಗು ಬಿದ್ದ ಮೇಲೆ ಮಾತ್ರ ಯಾವುದೂ ಬೇಡ.

ಅಂಗಡಿಯಲ್ಲಿ ಸಂಕೋಚ ಬಿಟ್ಟು ಮಲಗಿ ನೋಡಿ. ಅಂಗಾತ ಮಲಗಿ ಸೊಂಟದಡಿ ಕೈ ತೂರಿಸಿ. ದೊಡ್ಡ ಸಂದು ಉಳಿದರೆ ಹಾಸಿಗೆ ಗಟ್ಟಿ ಹೆಚ್ಚು. ಕೈಯೇ ಹೋಗದಿದ್ದರೆ ಮೆತ್ತಗೆ ಹೆಚ್ಚು.

ಮಗಳ ಮದುವೆಗೆ ಹೊಸದು, ನೆಂಟರಿಗೆ ಒಳ್ಳೆಯದು, ಗಂಟು ಬಿದ್ದದ್ದು ಮನೆಯಾಕೆಗೆ! ಈ ಲೆಕ್ಕ ಇನ್ನು ಸಾಕು ಕಣ್ರೀ. ಎಲ್ಲರಿಗಿಂತ ಮೊದಲು ಏಳುವವಳಿಗೂ ಒಳ್ಳೆ ನಿದ್ದೆ ಬೇಕು.