ಎರಡು ಹಾರ್ಡ್ ಡಿಸ್ಕ್ ಜೋಡಿಸಿ ರೇಡ್ ಮಾಡಿದರೆ ಬ್ಯಾಕಪ್ ಬೇಡವೇ?

"ಕಂಪ್ಯೂಟರಿಗೆ ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಸಿ, ರೇಡ್ ಮಾಡಿಬಿಡಿ. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲ ಇರುತ್ತೆ. ಬ್ಯಾಕಪ್ ತಲೆನೋವು ಮುಗೀತು." ಫೋನಿನ ಫೋಟೋ, ವಿಡಿಯೋಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವವರಿಗೆ ಇಂಥ ಸಲಹೆ ಆಗಾಗ ಸಿಗುತ್ತದೆ. ಇದರ ಮೊದಲ ಎರಡು ವಾಕ್ಯ ಸರಿ. ಮೂರನೆಯದು ತಪ್ಪು. ಆ ತಪ್ಪನ್ನು ನಂಬಿದವರು ಮಗುವಿನ ಮೊದಲ ಹುಟ್ಟುಹಬ್ಬದ ವಿಡಿಯೋವನ್ನೋ ಮನೆಪತ್ರಗಳ ಸ್ಕ್ಯಾನ್ ಪ್ರತಿಯನ್ನೋ ಕಳೆದುಕೊಳ್ಳಬಹುದು.

ಇಲ್ಲಿ ಹೇಳುತ್ತಿರುವುದು ಆದಾಯ ತೆರಿಗೆಯವರು ಮಾಡುವ ರೇಡ್ ಬಗ್ಗೆ ಅಲ್ಲ. ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ ಕಂಪ್ಯೂಟರಿಗೆ ಒಂದೇ ಡಿಸ್ಕಿನಂತೆ ತೋರಿಸುವ ವಿಧಾನಕ್ಕೆ ಈ ಹೆಸರು. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಇದರ ಬಗ್ಗೆ ಒಂದು ಪ್ರಬಂಧ ಮಂಡಿಸಿದರು. ಆಗ ದೊಡ್ಡ ಕಂಪ್ಯೂಟರುಗಳ ಡಿಸ್ಕು ಬಹಳ ದುಬಾರಿ, ಪಿಸಿಗಳ ಚಿಕ್ಕ ಡಿಸ್ಕು ಅಗ್ಗ. ಅಗ್ಗದ ಡಿಸ್ಕುಗಳನ್ನೇ ಹತ್ತಾರು ಜೋಡಿಸಿದರೆ ಕೆಲಸ ಬೇಗ ಆಗುತ್ತದೆ. ಆದರೆ ಡಿಸ್ಕು ಹೆಚ್ಚಾದಷ್ಟೂ ಅವುಗಳಲ್ಲಿ ಯಾವುದಾದರೊಂದು ಕೆಡುವ ಸಾಧ್ಯತೆಯೂ ಹೆಚ್ಚುತ್ತದೆ. ಹಾಗಾಗಿ ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಸ್ವಲ್ಪ ಹೆಚ್ಚುವರಿ ಮಾಹಿತಿ ಬರೆದಿಡೋಣ ಎಂಬುದು ಅವರ ವಾದ. ರೇಡ್ ಎಂಬ ಇಂಗ್ಲಿಷ್ ಹೆಸರಿನ 'ಐ' ಅಕ್ಷರಕ್ಕೆ ಅವರು ಕೊಟ್ಟ ಅರ್ಥ 'ಅಗ್ಗದ'. ಮುಂದೆ ಉದ್ಯಮದವರು ಅದನ್ನು 'ಸ್ವತಂತ್ರ' ಎಂದು ಬದಲಾಯಿಸಿಕೊಂಡರು. ದುಬಾರಿ ಪೆಟ್ಟಿಗೆ ಮಾರುವವರಿಗೆ 'ಅಗ್ಗ' ಎಂಬ ಪದ ರುಚಿಸದಿದ್ದರೆ ಆಶ್ಚರ್ಯವಿಲ್ಲ.

ಮೊದಲೆಲ್ಲ ಈ ಕೆಲಸಕ್ಕೆ ಪ್ರತ್ಯೇಕ ಕಾರ್ಡ್ ಕೊಳ್ಳಬೇಕಿತ್ತು. ಈಗ ಆಪರೇಟಿಂಗ್ ಸಿಸ್ಟಮ್ಮೇ ಅದನ್ನು ಮಾಡುತ್ತದೆ. ಇದೇ ಸಾಫ್ಟ್‌ವೇರ್ ರೇಡ್. ಲಿನಕ್ಸ್‌ನಲ್ಲಿ ಎಂಡಿ ಎಂಬ ವ್ಯವಸ್ಥೆ ಬಹಳ ಹಿಂದಿನಿಂದಲೂ ಇದೆ, ಅದನ್ನು ನಡೆಸಲು ಎಂಡಿಆಡಮ್ ಎಂಬ ಉಪಕರಣವಿದೆ. ವಿಂಡೋಸ್ 8ರಿಂದ ಸ್ಟೋರೇಜ್ ಸ್ಪೇಸಸ್ ಬಂದಿದೆ. ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯ ಒಳಗೇ ಸಿಗುತ್ತದೆ. ಇದರ ದೊಡ್ಡ ಲಾಭ ಖರ್ಚಿನ ಉಳಿತಾಯವಷ್ಟೇ ಅಲ್ಲ. ಉದಾಹರಣೆಗೆ ಲಿನಕ್ಸ್‌ನಲ್ಲಿ ಜೋಡಣೆಯ ವಿವರವೆಲ್ಲ ಆಯಾ ಡಿಸ್ಕಿನ ಮೇಲೇ ಬರೆದಿರುತ್ತದೆ. ಮದರ್‌ಬೋರ್ಡ್ ಸುಟ್ಟುಹೋದರೆ ಡಿಸ್ಕುಗಳನ್ನು ಬಿಚ್ಚಿ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಬಹುದು, ಅದು ಗುರುತು ಹಿಡಿಯುತ್ತದೆ. ಕಾರ್ಡ್ ಬಳಸಿದ್ದರೆ ಸಾಮಾನ್ಯವಾಗಿ ಅದೇ ಬಗೆಯ ಕಾರ್ಡನ್ನೇ ಹುಡುಕಬೇಕಾಗುತ್ತದೆ. ಮದರ್‌ಬೋರ್ಡಿನ ಬಯೋಸ್ ಸೆಟ್ಟಿಂಗ್‌ನಲ್ಲಿ ಕಾಣುವ 'ರೇಡ್' ಇವೆರಡರ ನಡುವಿನದು. ಕೆಲಸ ಮಾಡುವುದು ಡ್ರೈವರ್ ಸಾಫ್ಟ್‌ವೇರೇ, ಆದರೂ ಆ ಕಂಪನಿಯ ಬೋರ್ಡಿಗೆ ನೀವು ಕಟ್ಟುಬಿದ್ದಿರುತ್ತೀರಿ. ಮನೆಯ ಬಳಕೆಗೆ ಅದನ್ನು ಬಿಟ್ಟು ಆಪರೇಟಿಂಗ್ ಸಿಸ್ಟಮ್ಮಿನದನ್ನೇ ಬಳಸುವುದು ವಾಸಿ.

ಸೊನ್ನೆ, ಒಂದು, ಐದು

ರೇಡ್‌ನಲ್ಲಿ ಹಲವು ಬಗೆಗಳಿವೆ, ಪ್ರತಿಯೊಂದಕ್ಕೂ ಒಂದು ಅಂಕಿ. ರೇಡ್ 0 ಎಂದರೆ ಪ್ರತಿ ಫೈಲನ್ನು ತುಂಡು ಮಾಡಿ ಎರಡೂ ಡಿಸ್ಕಿಗೆ ಹಂಚುವುದು. ವೇಗ ಹೆಚ್ಚು, ರಕ್ಷಣೆ ಸೊನ್ನೆ. ಒಂದು ಡಿಸ್ಕ್ ಹೋದರೆ ಎರಡರದ್ದೂ ಹೋದಂತೆ. ಡಿಸ್ಕೊಂದು ವರ್ಷದಲ್ಲಿ ಕೆಡುವ ಸಾಧ್ಯತೆ ಶೇ 2 ಎಂದುಕೊಂಡರೆ, ಇಲ್ಲಿ ಅದು ಹೆಚ್ಚುಕಡಿಮೆ ಶೇ 4. ಹೆಸರಿನಲ್ಲಿ ರೇಡ್ ಇದೆಯೆಂದು ನಂಬಿ ಫೋಟೋಗಳನ್ನು ಇದರಲ್ಲಿ ಇಡಬೇಡಿ.

ರೇಡ್ 1 ಕನ್ನಡಿಯಂತೆ. ಒಂದು ಡಿಸ್ಕಿನಲ್ಲಿ ಬರೆದದ್ದನ್ನೆಲ್ಲ ಆ ಕ್ಷಣವೇ ಇನ್ನೊಂದರಲ್ಲೂ ಬರೆಯುತ್ತದೆ. 4 ಟಿಬಿಯ ಎರಡು ಡಿಸ್ಕ್ ಹಾಕಿದರೆ ನಿಮಗೆ ಸಿಗುವುದು 4 ಟಿಬಿ ಜಾಗ. ಒಂದು 4, ಇನ್ನೊಂದು 2 ಇದ್ದರೆ ಸಿಗುವುದು 2 ಮಾತ್ರ.

ರೇಡ್ 5ಕ್ಕೆ ಕನಿಷ್ಠ 3 ಡಿಸ್ಕು ಬೇಕು. ಇದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ಮೊದಲ ಡಿಸ್ಕಿನಲ್ಲಿ 7, ಎರಡನೆಯದರಲ್ಲಿ 5 ಎಂಬ ಸಂಖ್ಯೆ ಇದೆ, ಮೂರನೆಯದರಲ್ಲಿ ಅವೆರಡರ ಮೊತ್ತ 12 ಬರೆದಿಟ್ಟಿದ್ದೇವೆ. ಮೊದಲನೆಯದು ಕೆಟ್ಟರೆ 12ರಲ್ಲಿ 5 ಕಳೆದು 7 ಎಂದು ಕಂಡುಕೊಳ್ಳಬಹುದು. ಕಂಪ್ಯೂಟರ್ ಕೂಡುವ ಬದಲು ಬಿಟ್‌ಗಳ ಮೇಲೆ ಎಕ್ಸ್‌ಆರ್ ಎಂಬ ಲೆಕ್ಕ ಮಾಡುತ್ತದೆ, ತತ್ವ ಅದೇ. ಈ ಮೊತ್ತಕ್ಕೆ ಪ್ಯಾರಿಟಿ ಎನ್ನುತ್ತಾರೆ, ಅದನ್ನು ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚಿರುತ್ತಾರೆ. ಜಾಗ ಉಳಿಯುತ್ತದೆ ನಿಜ. ಆದರೆ ಕೆಟ್ಟ ಡಿಸ್ಕಿನ ಬದಲು ಹೊಸದು ಹಾಕಿದಾಗ ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಲೆಕ್ಕ ಹಾಕಬೇಕು. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿ ಡಿಸ್ಕನ್ನು ಪೂರ್ತಿ ತುಂಬಿಸಲು ಏಳು ಗಂಟೆಗೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತೂ ನಿಮಗೆ ರಕ್ಷಣೆ ಇರುವುದಿಲ್ಲ, ಹಳೆಯ ಡಿಸ್ಕುಗಳೂ ಎಡೆಬಿಡದೆ ದುಡಿಯುತ್ತಿರುತ್ತವೆ. ಮನೆಯಲ್ಲಿ ಎರಡು ಡಿಸ್ಕಿನ ಕನ್ನಡಿಯೇ ಸರಳ, ಸಾಕು.

ಎರಡೂ ಒಟ್ಟಿಗೆ ಕೆಡುತ್ತವೆಯೇ?

ಒಂದು ಡಿಸ್ಕ್ ಕೆಡುವ ಸಾಧ್ಯತೆ ಶೇ 2 ಆದರೆ, ಎರಡೂ ಅದೇ ವರ್ಷ ಕೆಡುವ ಸಾಧ್ಯತೆ ಶೇ 0.04. ಕಾಗದದ ಮೇಲೆ ಈ ಲೆಕ್ಕ ಸರಿ. ಆದರೆ ಅದು ನಿಲ್ಲುವುದು ಎರಡು ಡಿಸ್ಕುಗಳಿಗೆ ಪರಸ್ಪರ ಸಂಬಂಧವೇ ಇಲ್ಲದಿದ್ದಾಗ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಒಂದೇ ದಿನ ತಂದ ಒಂದೇ ಮಾಡೆಲ್ಲಿನ ಎರಡು ಡಿಸ್ಕುಗಳು ಒಂದೇ ಬ್ಯಾಚಿನವಾಗಿರಬಹುದು, ದೋಷವೂ ಒಂದೇ ಇರಬಹುದು. ಎರಡಕ್ಕೂ ಕರೆಂಟ್ ಕೊಡುವುದು ಒಂದೇ ಪವರ್ ಸಪ್ಲೈ. ಎರಡೂ ಒಂದೇ ಡಬ್ಬಿಯ ಶಾಖದಲ್ಲಿ ಕೂತಿರುತ್ತವೆ. ಸಿಡಿಲು ಬಡಿದರೆ ಅದು ಒಂದನ್ನೇ ಆರಿಸಿಕೊಳ್ಳುವುದಿಲ್ಲ. ಆದ್ದರಿಂದ ಬೇರೆ ಬೇರೆ ಕಂಪನಿಯ ಅಥವಾ ಬೇರೆ ಬೇರೆ ಸಮಯದಲ್ಲಿ ಕೊಂಡ ಡಿಸ್ಕು ಹಾಕುವುದು ಒಳ್ಳೆಯದು.

ಕೆಡುವ ಮುನ್ನ ಡಿಸ್ಕು ಸೂಚನೆ ಕೊಡುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಡಿಸ್ಕು ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಎಂಬ ವ್ಯವಸ್ಥೆ ಇದೆ. 2007ರಲ್ಲಿ ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಬರೆದ ವರದಿಯ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಶೇ 36ಕ್ಕೂ ಹೆಚ್ಚಿನವು ತಾಪಮಾನವೊಂದನ್ನು ಬಿಟ್ಟರೆ ಸ್ಮಾರ್ಟ್‌ನಲ್ಲಿ ಯಾವ ದೋಷವನ್ನೂ ತೋರಿಸಿರಲಿಲ್ಲ.

ಕನ್ನಡಿ ತಪ್ಪನ್ನೂ ತೋರಿಸುತ್ತದೆ

ಈಗ ಮೂರನೆಯ ವಾಕ್ಯಕ್ಕೆ ಬರೋಣ. ಮನೆಯ ಕಂಪ್ಯೂಟರಿನಲ್ಲಿ ಫೈಲು ಕಳೆದುಹೋಗುವ ದಾರಿಗಳನ್ನು ಒಮ್ಮೆ ನೆನೆಸಿಕೊಳ್ಳಿ. ಯಾರೋ ತಪ್ಪಾಗಿ ಫೋಲ್ಡರ್ ಅಳಿಸುತ್ತಾರೆ. ಹಳೆಯ ಫೈಲಿನ ಮೇಲೆ ಅದೇ ಹೆಸರಿನ ಹೊಸದನ್ನು ಉಳಿಸುತ್ತಾರೆ. ವೈರಸ್ ಬರುತ್ತದೆ. ಕಂಪ್ಯೂಟರೇ ಕಳುವಾಗುತ್ತದೆ. ಮಳೆನೀರು ಮನೆಯೊಳಗೆ ನುಗ್ಗುತ್ತದೆ. ಇವುಗಳಲ್ಲಿ ಯಾವುದಕ್ಕೂ ರೇಡ್ ಮದ್ದಲ್ಲ. ನೀವು ಒಂದು ಡಿಸ್ಕಿನಲ್ಲಿ ಅಳಿಸಿದ್ದನ್ನು ಅದು ಇನ್ನೊಂದರಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನ್ನಾಕ್ರೈಯಂಥ ರ‍್ಯಾನ್ಸಮ್‌ವೇರ್ ನಿಮ್ಮ ಫೈಲಿಗೆ ಬೀಗ ಹಾಕಿದರೆ, ಎರಡೂ ಡಿಸ್ಕಿನ ಪ್ರತಿಗೆ ಒಟ್ಟಿಗೇ ಬೀಗ ಬೀಳುತ್ತದೆ.

ಅಳಿಸುವಿಕೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಪಿಕ್ಸಾರ್ ಸ್ಟುಡಿಯೋದ ಕಥೆ ಪ್ರಸಿದ್ಧ. 1998ರಲ್ಲಿ 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ ಸರ್ವರ್‌ನಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆದೇಶದಿಂದ ಚಿತ್ರದ ಫೈಲುಗಳಲ್ಲಿ ಬಹುಪಾಲು ಮಾಯವಾದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂಬುದು ಗೊತ್ತಾದದ್ದೇ ಆಗ. ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ಉದ್ಯೋಗಿ. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಪ್ರತಿ ಇತ್ತು. ಸ್ಟುಡಿಯೋದ ಸರ್ವರ್‌ನಲ್ಲಿ ಎಷ್ಟೇ ಡಿಸ್ಕು ಇದ್ದರೂ ಕೊನೆಗೆ ಕೈಹಿಡಿದದ್ದು ಬೇರೊಂದು ಕಡೆ ಇದ್ದ ಪ್ರತಿ.

ಜಾಗವೇ ನಾಶವಾದ ಉದಾಹರಣೆ ಇನ್ನೂ ಈಚಿನದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಬೇರೆ ಊರಿನಲ್ಲಿ ಪ್ರತಿ ಇಡದಿದ್ದ ಗ್ರಾಹಕರ ಮಾಹಿತಿ ಮರಳಲಿಲ್ಲ. ಒಂದೇ ಕೋಣೆಯಲ್ಲಿರುವ ಎರಡು ಡಿಸ್ಕುಗಳು ಬೆಂಕಿಯ ಲೆಕ್ಕದಲ್ಲಿ ಒಂದೇ.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3-2-1 ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ: 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಮನೆಯಿಂದ ಹೊರಗೆ. ಈ ಲೆಕ್ಕದಲ್ಲಿ ರೇಡ್‌ನ ಎರಡೂ ಡಿಸ್ಕು ಸೇರಿ ಒಂದೇ ಪ್ರತಿ. ಹೀಗಾಗಿ ನಿಮ್ಮ ಕೈಯಲ್ಲಿ ಎರಡು ಡಿಸ್ಕಿಗೆ ಮಾತ್ರ ದುಡ್ಡಿದ್ದರೆ ರೇಡ್ ಮಾಡಬೇಡಿ. ಎರಡನೆಯದನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ, ವಾರಕ್ಕೊಮ್ಮೆ ಚುಚ್ಚಿ ನಕಲು ಮಾಡಿ, ಮತ್ತೆ ತೆಗೆದಿಡಿ. ಚುಚ್ಚಿಯೇ ಬಿಟ್ಟರೆ ವೈರಸ್ಸಿಗೆ ಅದೂ ಸಿಗುತ್ತದೆ. ಮೂರನೆಯದು ಕೊಳ್ಳುವ ಶಕ್ತಿ ಇದ್ದರೆ ಅದು ಅಕ್ಕನ ಮನೆಯ ಬೀರುವಿನಲ್ಲಿರಲಿ. ನಾಲ್ಕನೆಯದರ ಹೊತ್ತಿಗೆ ರೇಡ್ ಯೋಚಿಸಬಹುದು.

ಹಾಗಾದರೆ ರೇಡ್ ಯಾರಿಗೆ? ಕೆಲಸ ನಿಲ್ಲಬಾರದವರಿಗೆ. ಮದುವೆ ಸೀಸನ್ನಿನಲ್ಲಿ ಆಲ್ಬಮ್ ಎಡಿಟ್ ಮಾಡುವ ಫೋಟೋಗ್ರಾಫರ್, ರಿಟರ್ನ್ಸ್ ಸಲ್ಲಿಸುವ ಕೊನೆಯ ವಾರದಲ್ಲಿರುವ ಆಡಿಟರ್, ಇವರಿಗೆ ಡಿಸ್ಕು ಕೆಟ್ಟ ದಿನವೂ ಕಂಪ್ಯೂಟರ್ ನಡೆಯಬೇಕು. ಭಾನುವಾರ ಬ್ಯಾಕಪ್ ಮಾಡಿ ಗುರುವಾರ ಡಿಸ್ಕು ಹೋದರೆ ನಡುವಿನ ನಾಲ್ಕು ದಿನದ ಕೆಲಸವನ್ನು ಕನ್ನಡಿ ಉಳಿಸುತ್ತದೆ. ಇದು ಸಣ್ಣ ಲಾಭವೇನಲ್ಲ.

ಮಾಡಿಯೇ ತೀರುತ್ತೇನೆ ಎನ್ನುವವರಿಗೆ

ಮೊದಲನೆಯದು, ರೇಡ್‌ಗೆ ಸೇರಿಸಿದ ಡಿಸ್ಕಿನಲ್ಲಿ ಮೊದಲಿದ್ದ ಫೈಲುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಫೋಟೋ ತುಂಬಿದ ಹಳೆಯ ಡಿಸ್ಕನ್ನು ಹೊಸದರ ಜೊತೆ ನೇರವಾಗಿ ಸೇರಿಸಲು ಹೋಗಬೇಡಿ, ಮೊದಲು ಬೇರೆ ಕಡೆ ನಕಲು ಮಾಡಿ. ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್‌ನಲ್ಲಿ ಕನ್ನಡಿ ಮಾಡಲು ವಿಂಡೋಸ್ ಇರುವ ಡ್ರೈವನ್ನು ಬಿಟ್ಟು ಇನ್ನೆರಡು ಡ್ರೈವ್ ಬೇಕು.

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಒಂದು ಡಿಸ್ಕಿಗೆ ಬರೆದದ್ದು ಇನ್ನೊಂದಕ್ಕೆ ಬರೆಯದೆ ಉಳಿಯಬಹುದು. ಮತ್ತೆ ಆನ್ ಮಾಡಿದಾಗ ಲಿನಕ್ಸ್ ಎರಡನ್ನೂ ಸರಿಹೊಂದಿಸಿಕೊಳ್ಳುತ್ತದೆ, ಆದರೆ ಯಾವುದು ಸರಿ ಎಂಬುದು ಮಾಮೂಲಿ ಕನ್ನಡಿಗೆ ಗೊತ್ತಿರುವುದಿಲ್ಲ. ಝೆಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗಳು ಪ್ರತಿ ತುಣುಕಿಗೂ ಒಂದು ಚೆಕ್‌ಸಮ್ ಇಟ್ಟುಕೊಂಡು ಸರಿಯಾದ ಪ್ರತಿಯನ್ನು ಗುರುತಿಸುತ್ತವೆ. ಹಳ್ಳಿಯಲ್ಲಾಗಲಿ ಪೇಟೆಯಲ್ಲಾಗಲಿ, ಪದೇ ಪದೇ ಕರೆಂಟ್ ಹೋಗುವ ಮನೆಯಲ್ಲಿ ರೇಡ್‌ಗೆ ಖರ್ಚು ಮಾಡುವ ಮುನ್ನ ಯುಪಿಎಸ್‌ಗೆ ಖರ್ಚು ಮಾಡಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಎಚ್ಚರಿಕೆಯ ವಿಷಯದಲ್ಲಿ. ಒಂದು ಡಿಸ್ಕು ಕೆಟ್ಟರೂ ಕಂಪ್ಯೂಟರ್ ಎಂದಿನಂತೆ ನಡೆಯುತ್ತದೆ, ರೇಡ್‌ನ ಉದ್ದೇಶವೇ ಅದು. ಹಾಗಾಗಿ ಕೆಟ್ಟದ್ದು ನಿಮಗೆ ತಿಳಿಯುವುದೇ ಇಲ್ಲ. ತಿಂಗಳುಗಟ್ಟಲೆ ಒಂದೇ ಡಿಸ್ಕಿನ ಮೇಲೆ ನಡೆದು, ಅದೂ ಕೆಟ್ಟ ದಿನ ಎಲ್ಲ ಹೋಗುತ್ತದೆ. ಎಂಡಿಆಡಮ್ ಡಿಸ್ಕು ಕೆಟ್ಟ ಕೂಡಲೇ ಇಮೇಲ್ ಕಳಿಸಬಲ್ಲದು. ಆದರೆ ಮನೆಯ ಕಂಪ್ಯೂಟರಿನಲ್ಲಿ ಮೇಲ್ ಕಳಿಸುವ ವ್ಯವಸ್ಥೆಯನ್ನು ನೀವೇ ಹೊಂದಿಸದಿದ್ದರೆ ಆ ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ. ಅದರಲ್ಲಿ ಪರೀಕ್ಷಾ ಮೇಲ್ ಕಳಿಸುವ ಸೌಲಭ್ಯವಿದೆ. ಅದು ನಿಮ್ಮ ಫೋನಿಗೆ ಬಂದದ್ದನ್ನು ಕಣ್ಣಾರೆ ನೋಡಿ.

ಫೋಟೋಗಳನ್ನು ತುಂಬುವ ಮೊದಲೇ ಒಂದು ಅಭ್ಯಾಸವನ್ನೂ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಒಂದು ಡಿಸ್ಕಿನ ಕೇಬಲ್ ತೆಗೆದು, ಮತ್ತೆ ಆನ್ ಮಾಡಿ ನೋಡಿ. ಎಚ್ಚರಿಕೆ ಬಂತೇ, ಫೈಲು ತೆರೆಯಿತೇ, ಡಿಸ್ಕನ್ನು ಮರಳಿ ಸೇರಿಸಲು ನಿಮಗೆ ಗೊತ್ತಾಯಿತೇ? ನಿಜವಾಗಿ ಕೆಟ್ಟ ದಿನ ಗಾಬರಿಯಲ್ಲಿ ಚೆನ್ನಾಗಿರುವ ಡಿಸ್ಕನ್ನೇ ಕಿತ್ತುಹಾಕುವವರು ಬಹಳ. ಇದಕ್ಕೆ ಪರಿಹಾರ ಒಂದು ಚೂರು ಕಾಗದ. ಪ್ರತಿ ಡಿಸ್ಕಿಗೂ ಸೀರಿಯಲ್ ನಂಬರ್ ಇರುತ್ತದೆ, ಆದರೆ ಡಿಸ್ಕು ಕೂತ ಜಾಗದಲ್ಲಿ ಅದು ಕಾಣುವುದಿಲ್ಲ. ಕೊನೆಯ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆದು, ಮುಚ್ಚಳ ತೆಗೆದ ಕೂಡಲೇ ಕಾಣುವ ಕಡೆ ಈಗಲೇ ಅಂಟಿಸಿಬಿಡಿ.