ಪಾಲಿನ ಮನಿ ಮಾಳಗಿ ಯಾರು ಹತ್ತಬೇಕು?

ರೋಹಿಣಿ ಮಳಿ ಹತ್ರ ಬಂತು, ಎಲ್ಲಿ ನೋಡಿದ್ರೂ ಬೀಜ ಗೊಬ್ಬರದ ಮಾತು. ನಾನು ಇವತ್ತ ಹೊಲ ಬಿಟ್ಟು ಮನಿ ಬಗ್ಗೆ ಬರೀತೀನಿ. ಮಳಿ ಹಿಡದ ಮ್ಯಾಲ ಮಾಳಗಿಗೆ ತಾಡಪತ್ರಿ ಹೊದಿಸೂದು ಬಿಟ್ರ ಬ್ಯಾರೆ ಏನೂ ಮಾಡಾಕ ಬರೂದಿಲ್ಲ.

ಯಲಬುರ್ಗಾ, ಕುಷ್ಟಗಿ ಕಡೆ ಹಳ್ಳಿಗಳಲ್ಲಿ ಇನ್ನೂ ಮಣ್ಣಿನ ಮಾಳಗಿ ಮನಿ ಅದಾವ. ಮಳಿಗೆ ಬೀಳೂದು ಬಡವರ ಮನಿ ಅಂತೀವಿ. ಅದು ಖರೆ. ಆದ್ರ ನಾ ಕಂಡಂಗ ಅದಕ್ಕಿಂತ ಮೊದಲು ಬೀಳೂದು ಪಾಲಾಗದ ಮನಿ. ಪಂಚಾಯ್ತಿ ಉತಾರ ತೀರಿಹೋದ ಅಪ್ಪನ ಹೆಸರಿನ್ಯಾಗ. ಅಣ್ತಮ್ಮರು ಮೂವರು. ಒಬ್ಬ ಹೊಲದಾಗ ಶೆಡ್ ಹಾಕ್ಯಾನ, ಒಬ್ಬ ಬೆಂಗಳೂರಾಗ, ಇನ್ನೊಬ್ಬ ಎದುರು ಓಣ್ಯಾಗ ಸ್ಲ್ಯಾಬಿನ ಮನಿ ಕಟ್ಟ್ಯಾನ. ಹಳೇ ಮನ್ಯಾಗ ಅವ್ವ ಒಬ್ಬಾಕಿ. ಮಾಳಗಿಗೆ ಮಣ್ಣು ಹಾಕಿಸಬೇಕಂದ್ರ ಮೂವರ ಬಾಯಾಗೂ ಒಂದ ಮಾತು: “ನಾ ಒಬ್ಬನ ಯಾಕ ಖರ್ಚು ಮಾಡ್ಲಿ?”

ದೊಡ್ಡ ಆಸ್ತೀನೂ ಹಿಂಗ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಹರದು ಕೊಚ್ಚಿಹೋತು. 33 ಗೇಟಿನ್ಯಾಗ ಒಂದು. ಒತ್ತಡ ಕಡಿಮಿ ಮಾಡಾಕ ಉಳಿದ ಗೇಟೂ ತೆರೀಬೇಕಾತು, ತುಂಬಿ ನಿಂತಿದ್ದ ನೀರು ಹೊಳಿಗೆ ಹೋತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಾಗ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಾಗ ನೀರು ತಡದರು, ಅದು ದೊಡ್ಡ ಕೆಲಸ. ಆದ್ರೂ 2025ರಾಗ ಹಳೇ ಗೇಟುಗಳ ಭಯಕ್ಕ 80 ಟಿಎಂಸಿಗೆ ನಿಲ್ಲಿಸಿದರು. ಅದರ ಬಿಸಿ ಗಂಗಾವತಿ ಭತ್ತದವರಿಗೆ ನಾನು ಹೇಳಬೇಕಾಗಿಲ್ಲ. ಡ್ಯಾಮು ಮೂರು ರಾಜ್ಯದ್ದು, ಮನಿ ಮೂರು ಅಣ್ತಮ್ಮರದ್ದು. ಯಾರ ತಪ್ಪು ಅಂತ ತೀರ್ಮಾನ ಮಾಡೂದು ನಮ್ಮ ಕೆಲಸ ಅಲ್ಲ. ಚೈನು ಮಾತ್ರ ಯಾರ ಪಾಲು ಎಷ್ಟು ಅಂತ ಕೇಳಿ ಹರಿಯೂದಿಲ್ಲ.

ಬಿದ್ರ ಪರಿಹಾರ ಬರ್ತದಲ್ಲ ಅನ್ನಾವ್ರು ಅದಾರ. 2022ರಿಂದ ಜಾರಿಯಾದ ಕೇಂದ್ರದ ನಿಯಮದಾಗ ಮನಿ ಪೂರ್ತಿ ಹೋದ್ರ 1.20 ಲಕ್ಷ ಇತ್ತು. ಭಾಗಶಃ ಅಂದ್ರ, ಕನಿಷ್ಠ ಶೇ 15 ಹಾನಿ ಆಗಿರಬೇಕಿತ್ತು, ಕಚ್ಚಾ ಮನಿಗೆ 4,000, ಪಕ್ಕಾ ಮನಿಗೆ 6,500 ಇತ್ತು. ರಾಜ್ಯ ಒಮ್ಮೊಮ್ಮೆ ಮ್ಯಾಲ ಸೇರಿಸ್ತದ, ಅದನ್ನ ನಂಬಿ ಕೂಡಾಕ ಆಗೂದಿಲ್ಲ. ನಾಕು ಸಾವಿರದಾಗ ಒಂದು ಗ್ವಾಡಿ ಎದ್ದು ನಿಲ್ಲತದೇನು? ಆ ರೊಕ್ಕ ಯಾರ ಖಾತೆಗೆ ಅಂತ ಮತ್ತ ಜಗಳ.

ಈಗ ಕೆಲಸದ ಮಾತು. ಮಾಳಗಿ ಮ್ಯಾಲಿನ ಹುಲ್ಲು, ಬೇವಿನ ಸಸಿ, ಅರಳಿ ಸಸಿ ಬೇರು ಸಮೇತ ಕೀಳ್ರಿ. ಬೇರು ಹೋದ ದಾರ್ಯಾಗ ನೀರು ಇಳೀತದ. ಆಮ್ಯಾಲ ಸವಳು ಮಣ್ಣು. ಕಾಲುವೆ ನೀರು ಹೆಚ್ಚಾಗಿ ಸವಳು ಹಿಡಿದ ಹೊಲಕ್ಕ ನಾವು ಬೈತೀವಿ, ಮಾಳಗಿಗೆ ಮಾತ್ರ ಅದ ಮಣ್ಣು ಬೇಕು. ನೀರು ಬಿದ್ದ ಕೂಡ್ಲೆ ಕರಗಿ ಸಂದು ಮುಚ್ಚಿಕೊಂಡು ಕೂಡ್ತದ. ಆದ್ರ ವರ್ಷಾ ವರ್ಷಾ ಹಳೇದರ ಮ್ಯಾಲ ಹೊಸದು ಹೇರಬ್ಯಾಡ್ರಿ. ಹಳೇ ಮಣ್ಣು ಸ್ವಲ್ಪ ಕೆರದು ಇಳಿಸಿ ಹಾಕ್ರಿ, ಇಲ್ಲಾಂದ್ರ ತೊಲಿ ಜಂತಿ ಭಾರಕ್ಕ ಬಾಗ್ತಾವ. ತೊಲಿ ಕೊಳಿಯೂದು ಗ್ವಾಡ್ಯಾಗ ಹೂತಿರೋ ತುದಿಯಾಗ. ಅಲ್ಲಿ ಕೊಡ್ಲಿ ಕಾವಿನಿಂದ ಬಡದು ನೋಡ್ರಿ, ಬೊದ್ದ ಸಪ್ಪಳ ಬಂದ್ರ ಒಳಗ ಗೆದ್ದಲ ಐತಿ ಅಂತ ತಿಳೀರಿ.

ನೀರು ಬೀಳೋ ದೋಣಿ ಸ್ವಚ್ಛ ಮಾಡಿ, ನೀರು ಗ್ವಾಡಿ ಬುಡಕ್ಕ ಬೀಳದಂಗ ಉದ್ದ ಮಾಡಿಸ್ರಿ. ಎರಿ ಮಣ್ಣಿನ ಊರಾಗ ಇದು ಮುಖ್ಯ. ಎರಿ ನೀರು ಕುಡದು ಉಬ್ಬತದ, ಒಣಗಿ ಬಿರೀತದ, ಮ್ಯಾಲಿನ ಗ್ವಾಡಿ ಅದರ ಜೋಡಿ ಸೀಳತದ. ಬಚ್ಚಲ ನೀರು ಬುಡಕ್ಕ ನಿಲ್ಲೂದೂ ಅಷ್ಟ ಕೆಟ್ಟದ್ದು. ಮಣ್ಣಿನ ಗ್ವಾಡಿಗೆ ಸಿಮೆಂಟ್ ಮೆತ್ತೂದು ಈಗ ಫ್ಯಾಷನ್ ಆಗೈತಿ. ಹೊರಗ ಚಂದ ಕಾಣತದ, ಒಳಗಿನ ತೇವ ಹೊರಗ ಬರಾಕ ದಾರಿ ಇಲ್ಲದ ಗ್ವಾಡಿ ಒಳಗಿಂದ ಮೆತ್ತಗಾಗ್ತದ. ನನ್ನ ಕೇಳಿದ್ರ ಮಣ್ಣಿಗೆ ಮಣ್ಣ ಮೆತ್ತಬೇಕು.

ಸ್ಲ್ಯಾಬಿನವರೂ ನಗಬ್ಯಾಡ್ರಿ. ಟ್ಯಾಂಕ್ ತುಂಬಿ ಹರಿದ ನೀರು ಸ್ಲ್ಯಾಬ್ ಮ್ಯಾಲ ನಿಂತು ಒಳಗ ಇಳದ್ರ ಕಬ್ಬಿಣಕ್ಕ ತುಕ್ಕು, ತುಕ್ಕು ಉಬ್ಬಿ ಸಿಮೆಂಟ್ ಚೆಕ್ಕಿ ತಲಿ ಮ್ಯಾಲ.

ಖರ್ಚಿನ ಜಗಳಕ್ಕ ನನಗ ತಿಳಿದ ದಾರಿ ಒಂದು ಐತಿ. ಊರ ಜಾತ್ರಿಗೆ ಎಲ್ಲರೂ ಬಂದಾಗ ಒಂದು ನೋಟ್‌ಬುಕ್ ಇಡ್ರಿ. ಯಾರು ಎಷ್ಟು ಹಾಕಿದ್ರು ಅಂತ ತಾರೀಖು ಬರದು ಮೂವರೂ ಸಹಿ ಮಾಡ್ರಿ, ಪಾಲಾಗುವಾಗ ಮುರಕೊಳ್ರಿ. ಒಂದು ಟ್ರಾಲಿ ಮಣ್ಣು, ಎರಡು ದಿನದ ಆಳು, ಅದಕ್ಕ ಕೋರ್ಟು ಬೇಕಿಲ್ಲ. ಮಾಳಗಿ ಕೆಲಸ ಬಲ್ಲ ಹಿರಿಯರು ಊರಾಗ ಇನ್ನೂ ಇದ್ದಾಗ ಮಾಡಿಸ್ರಿ, ನಮ್ಮ ಹುಡುಗರಿಗೆ ಆ ಕೆಲಸ ಬರೂದಿಲ್ಲ.

ಇನ್ನೊಂದು. 2009ರ ಸೆಪ್ಟೆಂಬರ್ ಕೊನಿಗೆ, ಅಕ್ಟೋಬರ್ ಮೊದಲಿಗೆ ಹಿಡದ ಮಳಿ ನೆನಪೈತಲ್ಲ? ಜಡಿ ಮಳಿಗೆ ನೆನೆದ ಗ್ವಾಡಿ ಮಳಿ ನಿಂತು ಬಿಸಿಲು ಬಿದ್ದ ಮ್ಯಾಲೂ ಉರುಳತದ. ಆದ್ದರಿಂದ ಈ ವರ್ಷ ಯಾವ ಕಾರಣಕ್ಕಾದ್ರೂ ರಿಪೇರಿ ಆಗದಿದ್ರ, ಜಡಿ ಹಿಡಿಯೂದಕ್ಕಿಂತ ಮೊದಲ ಅವ್ವನ ಹೊರಸು ಆ ಮನಿಯಿಂದ ನಿಮ್ಮ ಮನಿಗೆ ತರ್ರಿ. ಬಿಸಿಲು ಬಿತ್ತು ಅಂತ ಮರುದಿನಾನ ವಾಪಸ್ ಕಳಸಬ್ಯಾಡ್ರಿ.