ಹಳೆಯ ಜೀಪು ಮತ್ತು ಅದರ ಯಜಮಾನ



ಹಳೆಯ ಜೀಪನ್ನು ಗುಜರಿಗೆ ಹಾಕುವ ಮಾತು ನಮ್ಮ ಸದಸ್ಯರಲ್ಲಿ ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಕಾರಣ ವಿಚಾರಿಸಿದರೆ, "ಗಾಡಿಗೆ ವಯಸ್ಸಾಯಿತು ಸ್ವಾಮಿ" ಎಂಬ ಉತ್ತರ. ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಏರಿದ್ದೂ ಈ ಮಾತಿಗೆ ಬಲ ಕೊಟ್ಟಿದೆ. ಆದರೆ ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದ ವಿಲ್ಲೀಸ್‌ನಿಂದ ಹಿಡಿದು ಎಂಎಂ 540ರವರೆಗಿನ ಜೀಪುಗಳಲ್ಲಿ, ಸ್ಪ್ಯಾನರ್ ಹಿಡಿಯಬಲ್ಲವನಿಗೆ ಬಿಚ್ಚಿ ಜೋಡಿಸಲಾಗದ ಭಾಗ ಬಹಳ ಕಡಿಮೆ. ಮಲೆನಾಡಿನಲ್ಲಿ ಇವುಗಳ ಆಯುಷ್ಯ ತಿನ್ನುವುದು ನೀರು ಮತ್ತು ಉಪ್ಪು. ವರ್ಷಕ್ಕೊಮ್ಮೆ ಗಾಡಿ ನೋಡುವ ಪೇಟೆಯ ಮೆಕ್ಯಾನಿಕ್ ಇದನ್ನು ತಡೆಯಲಾರ. ಯಜಮಾನನೇ ಅಂಗಳದಲ್ಲಿ ಗೋಣಿ ಹಾಸಿ ಗಾಡಿಯಡಿ ಮಲಗಬೇಕು.

ಉಪ್ಪಿನ ವಿಷಯ ನೋಡಿ. ನಾವು ಚೀಲಗಟ್ಟಲೆ ಸಾಗಿಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಒಂದು ಕ್ಲೋರೈಡ್ ಲವಣ. ಹರಿದ ಚೀಲದಿಂದ ಉದುರಿದ ಪುಡಿ ಮಳೆಯ ತೇವಕ್ಕೆ ಕರಗಿ ಚಾಸಿಯ ಸಂದಿಗಿಳಿಯುತ್ತದೆ. ಮೈಲುತುತ್ತದ ನೀರಂತೂ ಕಬ್ಬಿಣವನ್ನು ಕರಗಿಸಿ ಆ ಜಾಗದಲ್ಲಿ ತಾಮ್ರವನ್ನು ಕೂರಿಸುತ್ತದೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಾಯಿತೇ ಎಂದು ಕತ್ತಿ ಅದ್ದಿ ಕೆಂಪು ಬಣ್ಣ ಹುಡುಕುವ ಅಡಿಕೆ ಬೆಳೆಗಾರರು, ಅದೇ ಕೆಂಪು ಜೀಪಿನ ತಳಕ್ಕೂ ಹತ್ತೀತೆಂದು ಯೋಚಿಸುವುದು ಕಡಿಮೆ. ಗೊಬ್ಬರವೋ ಔಷಧಿಯೋ ಸಾಗಿಸಿದ ದಿನವೇ ತಳವನ್ನೂ ಚಾಸಿಯನ್ನೂ ತೊಳೆದರೆ ಮುಗಿಯಿತು. ಖರ್ಚು ನಾಲ್ಕು ಕೊಡ ನೀರು.

ಬಿಸಿಯಾದ ಆಕ್ಸಲ್ ಹಳ್ಳದಲ್ಲಿ ಮುಳುಗಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸೀಲು ಸವೆದಿದ್ದರೆ ನೀರನ್ನು ಒಳಗೆಳೆಯುತ್ತದೆ. ಡಿಫರೆನ್ಷಿಯಲ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಿಸಿರಿ. ಮಳೆಗಾಲ ಮುಗಿದೊಡನೆ ಚಕ್ರದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸು ತುಂಬಿರಿ. ಡೀಸೆಲ್ ಫಿಲ್ಟರಿನ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಡಬೇಕು. ಪೆಟ್ರೋಲ್ ಜೀಪು, ಹಳೆಯ ಜಿಪ್ಸಿ ಇರುವವರು ಇಂಧನದ ರಬ್ಬರ್ ಕೊಳವೆಗಳ ಮೇಲೆ ಕಣ್ಣಿಡಿ. ಈಗ ಬಂಕಿನಲ್ಲಿ ಸಿಗುವ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿಗೆ ಆಗಿಬರುವುದಿಲ್ಲ.

ಇವೆಲ್ಲ ಹಣದ ಮಾತು. ಬ್ರೇಕು ಜೀವದ ಮಾತು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವ ಪದಾರ್ಥ. ಡಾಟ್ 3 ಎಣ್ಣೆ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದೆ, ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಹಿಂದೆ ಹತ್ತು ಜನ ಕೂಲಿಯವರನ್ನು ಕೂರಿಸಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಬ್ರೇಕಿನ ಮೇಲೆಯೇ ಇಳಿದರೆ ಎಣ್ಣೆ ಕುದಿದು ಆವಿಯಾಗುತ್ತದೆ, ಪೆಡಲು ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆಯನ್ನು ಪೂರ್ತಿ ಬದಲಿಸದ ಯಜಮಾನನಿಗೆ ಆಳುಗಳನ್ನು ಜೀಪು ಹತ್ತಿಸುವ ಹಕ್ಕಿಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಮನೆಯಲ್ಲೇ ಇಬ್ಬರು ಸೇರಿ ಮಾಡಬಹುದಾದ ಕೆಲಸವಿದು. ಮೊದಲ ಸಲ ಮಾತ್ರ ತಿಳಿದವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಕಪಾಟಿನಲ್ಲಿ ತೆರೆದಿಟ್ಟ ಹಳೆಯ ಡಬ್ಬಿ ಬೇಡ. ಎಂಜಿನ್ ಎಣ್ಣೆ ಒಂದು ಹನಿಯೂ ಬೀಳಬಾರದು, ರಬ್ಬರ್ ವಾಷರುಗಳು ಊದಿಕೊಳ್ಳುತ್ತವೆ. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಬಾಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿರಿ.

"ಡ್ರೈವರ್ ಇದ್ದಾನಲ್ಲ, ನಮಗೇಕೆ?" ಎನ್ನುವವರಿದ್ದಾರೆ. ಡ್ರೈವರು ಈ ಕುಯ್ಲಿಗೆ ಇರುತ್ತಾನೆ, ಮುಂದಿನ ಕುಯ್ಲಿಗೆ ಇನ್ನೊಬ್ಬ ಬರುತ್ತಾನೆ. ಎಣ್ಣೆ ಬದಲಿಸಿದ ತಾರೀಖು ನಮ್ಮ ಡೈರಿಯಲ್ಲಿರಬೇಕು.

ಜಾಕಿನ ಮೇಲೆ ನಿಂತ ಗಾಡಿಯಡಿ ಯಾರೂ ನುಗ್ಗಕೂಡದು. ನಮ್ಮ ಒದ್ದೆ ನೆಲದಲ್ಲಿ ಜಾಕು ಹೂತುಹೋಗುತ್ತದೆ. ಅಡಿಗೆ ಹಲಗೆ, ಆಕ್ಸಲ್ಲಿಗೆ ಗಟ್ಟಿ ಸ್ಟ್ಯಾಂಡು ಬೇಕೇ ಬೇಕು. ಸಣ್ಣ ಬೆಳೆಗಾರರು ಒಬ್ಬೊಬ್ಬರೂ ಇವನ್ನು ಕೊಳ್ಳುವುದು ಕಷ್ಟ. ಎರಡು ಜೊತೆ ಸ್ಟ್ಯಾಂಡು, ಒಂದು ಹಬ್ ಪುಲ್ಲರ್ ಮತ್ತು ಹಳೆಯ ಎಂಜಿನ್ ಎಣ್ಣೆ ಸಂಗ್ರಹಿಸಲು ಒಂದು ಪೀಪಾಯಿಯನ್ನು ಸಂಘದ ಗೊಬ್ಬರ ಗೋದಾಮಿನಲ್ಲಿ ಇಡಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕೇಳಲಿದ್ದೇನೆ. ಯಾರ ಬಳಿ ಯಾವ ಗಾಡಿ ಇದೆ ಎಂಬುದನ್ನು ಸದಸ್ಯರು ಒಂದು ಕಾರ್ಡಿನಲ್ಲಿ ಬರೆದು ಕಚೇರಿಗೆ ಮುಟ್ಟಿಸಿದರೆ, ಪುಲ್ಲರಿನ ಅಳತೆ ತೀರ್ಮಾನಿಸಲು ಅನುಕೂಲವಾದೀತು.

— ಕಾರ್ಯದರ್ಶಿ